ಹತ್ತು ಜನ ಸೇರಿ ಚಿತ್ರ ಬರೆಯೋಣ: ಮನೆಯ ಪೇಂಟಿಂಗ್ ಪಾರ್ಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳತಿಯರು, ಓಣಿಯವರು, ಆಫೀಸಿನವರು ಒಂದು ಮಧ್ಯಾಹ್ನ ಒಟ್ಟಿಗೆ ಕೂತು ಚಿತ್ರ ಬರೆಯುತ್ತಾರೆ, ನಡುವೆ ಚಹಾ ಕುಡಿಯುತ್ತಾರೆ, ಬರೆದದ್ದನ್ನು ಸಂಜೆ ಮನೆಗೆ ಒಯ್ಯುತ್ತಾರೆ. ಪೇಂಟಿಂಗ್ ಪಾರ್ಟಿ ಅಂದರೆ ಇಷ್ಟೇ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಇಂಥ ಕೂಟ ನಡೆಸುತ್ತ ಬಂದಿದ್ದೇನೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಫೋನ್ ಮಾಡಿ ಕೇಳುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಂದೆಡೆ ಬರೆದಿದ್ದೇನೆ.

ಚಿತ್ರ ಬರೆಯಲು ಬಾರದವರನ್ನು ಕರೆಯಬಹುದಾ?

ಮೊದಲು ಅವರನ್ನೇ ಕರೆಯಿರಿ. ನಮ್ಮಲ್ಲಿ ಬಹಳ ಜನ ಹೈಸ್ಕೂಲಿನಲ್ಲೇ ಬ್ರಷ್ ಕೆಳಗಿಟ್ಟವರು. ಯಾರೋ ನಕ್ಕಿರುತ್ತಾರೆ, ಇಲ್ಲ ಮಾರ್ಕ್ಸ್ ಕಡಿಮೆ ಬಂದಿರುತ್ತದೆ. ಆಮೇಲೆ "ನನಗ ಚಿತ್ರ ಬರಂಗಿಲ್ರೀ" ಅನ್ನುವ ಮಾತು ಜೀವನಪೂರ್ತಿ ಜೊತೆಗೇ ಇರುತ್ತದೆ. ಆದರೆ ಅದೇ ಕೈ ದಿನಾ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಿರುತ್ತದೆ. ಪಂಚಮಿಗೆ ಗೋಡೆ ಮೇಲೆ ನಾಗಪ್ಪನನ್ನು ಬರೆದಿರುತ್ತದೆ.

ಒಂದು ಕೂಟಕ್ಕೆ ಬಂದಿದ್ದ ಅಜ್ಜಿಯೊಬ್ಬರು "ನಾ ಸುಮ್ನ ನೋಡ್ಕೋತ ಕೂಡ್ತೀನವಾ" ಅಂತ ಗೋಡೆಗೆ ಒರಗಿ ಕೂತರು. ಒತ್ತಾಯ ಮಾಡಿ ಬ್ರಷ್ ಕೊಟ್ಟಾಗ ಅದನ್ನು ಪೆನ್ನು ಹಿಡಿಯುವ ಹಾಗೆ ಹಿಡಿಯಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ, ಕೂದಲಿನ ಬುಡಕ್ಕೆ ಹತ್ತಿರ ಹಿಡಿದರು. ಮಣಿಕಟ್ಟು ಎತ್ತಿ, ರಂಗೋಲಿ ಎಳೆ ಬಿಡುವ ರೀತಿಯಲ್ಲೇ ಕೆರೆ ದಂಡೆಯ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಸಲಕ್ಕೆ ಎಳೆದುಬಿಟ್ಟರು. ಅವತ್ತು ಅಷ್ಟು ನೇರ ಗೆರೆ ಬೇರೆ ಯಾರಿಂದಲೂ ಬರಲಿಲ್ಲ. ಇಂಥವರಿಗೆ ಒಂದು ಮಧ್ಯಾಹ್ನ, ಒಂದು ಬ್ರಷ್, ನಗದೆ ನೋಡುವ ನಾಲ್ಕು ಜನ ಸಿಗಲಿ ಅಂತಲೇ ಈ ಪಾರ್ಟಿ.

ಎಷ್ಟು ಜನರನ್ನು ಕರೆಯಬೇಕು?

ಎಂಟರಿಂದ ಹನ್ನೆರಡು. ಅದಕ್ಕಿಂತ ಕಡಿಮೆ ಆದರೆ ಮಾತು ಬೇಗ ಮುಗಿಯುತ್ತದೆ, ಜಾಸ್ತಿ ಆದರೆ ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ. ಹನ್ನೆರಡು ದಾಟಿದರೆ ಕಲಿಸಲು ಇನ್ನೊಬ್ಬರು ಬೇಕು. ಎಷ್ಟೇ ಜನರಿರಲಿ, ನೀರು ಬದಲಿಸಲು, ಬಣ್ಣ ಬಡಿಸಲು, ಚಹಾ ನೋಡಿಕೊಳ್ಳಲು ಚಿತ್ರ ಬರೆಯದ ಒಬ್ಬರು ಮನೆಯಲ್ಲಿರಲೇಬೇಕು. ಕರೆದವರೇ ಕಲಿಸಿ, ಕರೆದವರೇ ಅಡುಗೆಮನೆಗೂ ಓಡಿದರೆ ಎರಡೂ ಕೆಡುತ್ತವೆ.

ಕಲಿಸುವವರು ಯಾರು? ಕಲಾವಿದರನ್ನೇ ಕರೆಸಬೇಕಾ?

ಚಿಕ್ಕ ಕೂಟಕ್ಕೆ ನೀವೇ ಸಾಕು. ಆದರೆ ಒಂದು ಷರತ್ತು: ಅವತ್ತು ಹೇಳಿಕೊಡುವ ಚಿತ್ರವನ್ನು ಅದೇ ಅಳತೆಯ ಕ್ಯಾನ್ವಾಸಿನ ಮೇಲೆ, ಅದೇ ಬಣ್ಣ ಬಳಸಿ, ಗಡಿಯಾರ ನೋಡಿಕೊಂಡು ಮೊದಲೇ ಒಮ್ಮೆ ಬರೆದಿರಬೇಕು. ನಿಮಗೆ ಒಂದು ಗಂಟೆ ಹಿಡಿದರೆ ಬಂದವರಿಗೆ ಎರಡು ಗಂಟೆಯಾದರೂ ಬೇಕು. ಎಲ್ಲಿ ಬಣ್ಣ ಕಲೆಸಿಹೋಗುತ್ತದೆ, ಯಾವ ಬ್ರಷ್ ಸರಿಹೋಗುವುದಿಲ್ಲ ಅನ್ನುವುದೂ ಆಗ ತಿಳಿಯುತ್ತದೆ.

ಅಷ್ಟು ಧೈರ್ಯ ಇಲ್ಲ ಅಂದರೆ ಈ ಭಾಗದಲ್ಲಿ ಹೇಳಿಕೊಡುವವರಿಗೆ ಬರ ಇಲ್ಲ. ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಚಿತ್ರಕಲಾ ಶಾಲೆ ಶುರು ಮಾಡಿದ್ದು 1935ರಲ್ಲಿ. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದರು. ಇಂಥ ಶಾಲೆಗಳಲ್ಲಿ ಕಲಿತವರು, ಅವರ ಹತ್ತಿರ ಕಲಿತವರು ಊರೂರಲ್ಲಿ ಡ್ರಾಯಿಂಗ್ ಮಾಸ್ತರರಾಗಿ ಹೋದರು. ನಿಮ್ಮ ಮಕ್ಕಳ ಶಾಲೆಯ ಚಿತ್ರಕಲಾ ಶಿಕ್ಷಕರನ್ನು ಒಮ್ಮೆ ಕೇಳಿ ನೋಡಿ. ಕಲಾ ಕಾಲೇಜಿನ ವಿದ್ಯಾರ್ಥಿಗಳೂ ಖುಷಿಯಿಂದ ಬರುತ್ತಾರೆ. ಬಂದವರಿಗೆ ಒಳ್ಳೆಯ ಗೌರವಧನ ಕೊಡಿ. "ಸುಮ್ನೆ ಒಂದೆರಡು ತಾಸು ಬಂದು ಹೋಗ್ರಿ" ಅಂತ ಕರೆಯುವುದು ಸರಿಯಲ್ಲ. ಅದು ಅವರ ಹೊಟ್ಟೆಪಾಡಿನ ವಿದ್ಯೆ.

ಯಾವ ಚಿತ್ರ ಆರಿಸಲಿ?

ಇಡೀ ಪಾರ್ಟಿಯ ಸುಖ ನಿಂತಿರುವುದು ಈ ಒಂದು ಆಯ್ಕೆಯ ಮೇಲೆ. ಮೊಬೈಲಿನಲ್ಲಿ ಹುಡುಕಿದರೆ ಹಿಮದ ಬೆಟ್ಟ, ಪ್ಯಾರಿಸ್ಸಿನ ಗೋಪುರ, ಚೆರ್ರಿ ಹೂವಿನ ಮರ ಸಿಗುತ್ತವೆ. ಅವನ್ನು ಬರೆಯಬಾರದು ಅಂತೇನಿಲ್ಲ. ಆದರೆ ನೋಡದ ಊರಿನ ಚಿತ್ರ ಬರೆಯುವಾಗ ಪ್ರತಿ ಗೆರೆಗೂ ಮಾದರಿ ನೋಡಬೇಕಾಗುತ್ತದೆ. ನಮ್ಮ ಧಾರವಾಡದ ಕೆಲಗೇರಿ ಕೆರೆಯ ಸಂಜೆ ಬರೆಯುವಾಗ ಹಾಗಾಗುವುದಿಲ್ಲ. ಅಲ್ಲಿ ವಾಕಿಂಗ್ ಹೋದವರು "ನೀರು ಇಷ್ಟ ನೀಲಿ ಇರೂದಿಲ್ರೀ, ಸ್ವಲ್ಪ ಹಸರ ಇರತೈತಿ" ಅಂತ ತಾವೇ ಬಣ್ಣ ಬದಲಿಸುತ್ತಾರೆ. ಆ ಮಾತು ಬಂತು ಅಂದರೆ ಅವರು ಕಾಪಿ ಮಾಡುವುದನ್ನು ಬಿಟ್ಟು ನೆನಪಿನಿಂದ ನೋಡಲು ಶುರು ಮಾಡಿದ್ದಾರೆ.

ಮೊದಲ ಕೂಟಕ್ಕೆ ಮನುಷ್ಯರ ಮುಖ, ಕೈಬೆರಳು, ಕುದುರೆ, ಗಣಪತಿ ಬೇಡ. ಮುಖ ಸ್ವಲ್ಪ ಸೊಟ್ಟಗಾದರೂ ಬರೆದವರಿಗೆ ಬೇಜಾರು. ದೇವರ ಚಿತ್ರ ಕೆಟ್ಟರೆ ಅದನ್ನು ಎಲ್ಲಿಡಬೇಕು ಅನ್ನುವ ಸಂಕಟ ಬೇರೆ. ಮರ, ನೀರು, ಆಕಾಶ, ಗುಡ್ಡ ಹೇಗೆ ಬಂದರೂ ಚೆಂದ.

ನಮ್ಮ ಸುತ್ತಲಲ್ಲೇ ಬೇಕಾದಷ್ಟಿದೆ. ಗದಗಿನವರಿಗೆ ಕಪ್ಪತಗುಡ್ಡದ ಸಾಲು, ಅದರ ಮುಂದೆ ತಿರುಗುವ ಗಾಳಿಯಂತ್ರ, ಕೆಳಗೆ ಎರೆಹೊಲ. ಅಥವಾ ಲಕ್ಕುಂಡಿ ಗುಡಿಯ ಶಿಖರ, ಬರೀ ಕಪ್ಪು ನೆರಳಿನಲ್ಲಿ, ಹಿಂದೆ ಕಿತ್ತಳೆ ಆಕಾಶ. ಕೆತ್ತನೆ ಬರೆಯುವ ಕಷ್ಟವಿಲ್ಲ, ಹೊರಗೆರೆ ಸರಿಯಾದರೆ ಸಾಕು. ಹಾವೇರಿ ಕಡೆಯವರಿಗೆ ಬಂಕಾಪುರದ ನವಿಲಿದೆ. ಇಡೀ ನವಿಲು ಕಷ್ಟ, ಒಂದೇ ಒಂದು ಗರಿಯನ್ನು ಕ್ಯಾನ್ವಾಸ್ ತುಂಬ ಬರೆಯಿಸಿ. ಬ್ಯಾಡಗಿ ಮೆಣಸಿನಕಾಯಿ ರಾಶಿಯೂ ಒಳ್ಳೆಯ ವಿಷಯ. ಕೆಂಪಿನಲ್ಲೇ ಎಷ್ಟು ಕೆಂಪು ಇದೆ ಅಂತ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮೇ ತಿಂಗಳಾದರೆ ಗುಲ್ಮೊಹರ್ ಮರ.

ಕೆರೆಯ ಸಂಜೆಯನ್ನು ಹಂತ ಹಂತವಾಗಿ ಹೇಗೆ ಹೇಳಿಕೊಡುವುದು?

ಕ್ಯಾನ್ವಾಸ್ ಅಡ್ಡ ಇಡಿ. ಕೆಳಗಿನಿಂದ ಮೂರನೇ ಒಂದು ಭಾಗಕ್ಕೆ ಪೆನ್ಸಿಲಿನಲ್ಲಿ ತೆಳುವಾಗಿ ಒಂದು ಗೆರೆ. ಅದು ಆಚೆ ದಂಡೆ. ನಡುಮಧ್ಯಕ್ಕೆ ಎಳೆದರೆ ಆಕಾಶ ಮತ್ತು ನೀರು ಸಮ ಆಗಿ ಚಿತ್ರ ಸಪ್ಪೆ ಕಾಣುತ್ತದೆ.

ಒಂದಿಂಚಿನ ಚಪ್ಪಟೆ ಬ್ರಷ್ ಒದ್ದೆ ಮಾಡಿ, ಬಟ್ಟೆಗೆ ಒತ್ತಿ ನೀರು ತೆಗೆಯಿರಿ. ಮೇಲಿನಿಂದ ನೀಲಿ ಮತ್ತು ಬಿಳಿ, ಅಡ್ಡಡ್ಡ ಎಳೆತ. ಕೆಳಗೆ ಬಂದಂತೆ ಬಿಳಿ ಜಾಸ್ತಿ. ಇಲ್ಲೇ ಎಲ್ಲರೂ ಸಿಕ್ಕಿಬೀಳುವ ಜಾಗ ಬರುತ್ತದೆ. ನೀಲಿಯ ಪಕ್ಕಕ್ಕೇ ಹಳದಿ ತಂದರೆ ಎರಡೂ ಸೇರಿ ಆಕಾಶ ಹಸಿರಾಗುತ್ತದೆ. ನೀಲಿ ಮುಗಿದ ಮೇಲೆ ಬ್ರಷ್ ತೊಳೆಸಿ. ನಡುವೆ ಎರಡು ಬೆರಳು ಅಗಲ ಬಿಳಿಗೆ ಒಂದು ಚೂರು ಕ್ರಿಮ್ಸನ್ ಕೆಂಪು ಸೇರಿಸಿ ಗುಲಾಬಿ ಪಟ್ಟಿ ಹಾಕಿಸಿ. ಅದರ ಕೆಳಗೆ ಹಳದಿ. ಗುಲಾಬಿಯ ಜೊತೆ ಹಳದಿ ಸೇರಿದರೆ ಕಿತ್ತಳೆ ಆಗುತ್ತದೆ, ಸಂಜೆಗೆ ಬೇಕಾದ್ದೇ ಅದು. ನಾವು ಬಳಸುವ, ನೀರಿನಲ್ಲಿ ಕಲೆಸುವ ಅಕ್ರಿಲಿಕ್ ಬಣ್ಣ ಬೇಗ ಒಣಗುವುದರಿಂದ ಈ ಭಾಗವನ್ನು ಮಾತು ಕಡಿಮೆ ಮಾಡಿ ಬೇಗ ಮುಗಿಸಬೇಕು.

ನೀರಿಗೆ ಅದೇ ಬಣ್ಣಗಳು ತಲೆಕೆಳಗಾಗಿ: ದಂಡೆಯ ಹತ್ತಿರ ಹಳದಿ, ಆಮೇಲೆ ಗುಲಾಬಿ, ಕೆಳಗೆ ನೀಲಿ. ಎಳೆತ ಪೂರ್ತಿ ಅಡ್ಡ ಇರಲಿ, ಓರೆ ಆದರೆ ನೀರು ಇಳಿಜಾರಿನಲ್ಲಿ ನಿಂತ ಹಾಗೆ ಕಾಣುತ್ತದೆ. ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಎಲ್ಲರನ್ನೂ ಚಹಾಕ್ಕೆ ಎಬ್ಬಿಸಿ.

ಒಣಗಿದ ಮೇಲೆ ಆಚೆ ದಂಡೆಯ ಮರಗಳು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಕಂದು ಸೇರಿಸಿದರೆ ಕಪ್ಪಿಗಿಂತ ಜೀವ ಇರುವ ಗಾಢ ಬಣ್ಣ ಬರುತ್ತದೆ. ಬ್ರಷ್ಷಿನ ತುದಿಯಿಂದ ಒತ್ತೊತ್ತಿ ಇಡಿಸಿ, ಎಳೆಯಿಸಬೇಡಿ. ಕೆಳಗೆ ನೀರಿನಲ್ಲಿ ಅದೇ ನೆರಳು, ಸ್ವಲ್ಪ ತೆಳುವಾಗಿ. ಮುಂದೆ ಒಂದು ಮರದ ಕೊಂಬೆ, ನಾಲ್ಕು ಜೊಂಡು, ಬೇಕಾದವರು ಹಕ್ಕಿ. ಹಕ್ಕಿ ಮೂರಕ್ಕಿಂತ ಜಾಸ್ತಿ ಬೇಡ. ಕೊನೆಗೆ ಮೂಲೆಯಲ್ಲಿ ಸಹಿ. ಸಹಿ ಹಾಕಲು ನಾಚುವವರೇ ಜಾಸ್ತಿ. ಬಿಡಬೇಡಿ, ಹಾಕಿಸಿ.

ಕಸೂತಿಯನ್ನು ಕ್ಯಾನ್ವಾಸಿನ ಮೇಲೆ ಬರೆಯಬಹುದಾ?

ಖಂಡಿತ. ಇದು ನನಗೆ ತುಂಬ ಪ್ರೀತಿಯ ವಿಷಯ. ಕಸೂತಿ ಹೊಲಿಗೆ ಅರಿವೆಯ ಎಳೆ ಎಣಿಸಿ ಹಾಕುವಂಥದ್ದು. ಗೆರೆಗಳೆಲ್ಲ ಅಡ್ಡ, ಉದ್ದ, ಓರೆ, ಅಷ್ಟೇ. ಗವಂತಿ, ಮುರ್ಗಿ ಅನ್ನುವ ಅದರ ಎರಡು ಬಗೆಯ ಹೊಲಿಗೆಯಲ್ಲೂ ದುಂಡು ಗೆರೆ ಇಲ್ಲ. ಹಾಗಾಗಿ ದುಂಡು ಬರೆಯಲು ಹೆದರುವವರಿಗೆ ಇದು ಬಹಳ ಅನುಕೂಲ.

ಕ್ಯಾನ್ವಾಸಿಗೆ ಹಿಂದಿನ ದಿನವೇ ಎರಡು ಕೋಟ್ ಕಪ್ಪು ಬಳಿದಿಡಿ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಕಸೂತಿ ಎದ್ದು ಕಾಣುತ್ತದಲ್ವಾ, ಹಾಗೇ ಇಲ್ಲೂ ಬಿಳಿ, ಕೆಂಪು, ಹಳದಿ ಎದ್ದು ಕಾಣುತ್ತವೆ. ಬಿಳಿ ಸೀಮೆಸುಣ್ಣದಲ್ಲಿ ಅರ್ಧ ಇಂಚಿಗೊಂದು ಚುಕ್ಕಿ ಇಡಿ. ಬಂದವರು ಚುಕ್ಕಿ ಎಣಿಸಿ ಗೆರೆ ಸೇರಿಸುತ್ತಾರೆ. ಗೋಪುರ, ತುಳಸಿ ಕಟ್ಟೆ ಸುಲಭ. ಆನೆ, ತೇರು ಸ್ವಲ್ಪ ಸಮಯ ತಿನ್ನುತ್ತವೆ. 2 ನಂಬರಿನ ದುಂಡು ಬ್ರಷ್ ಬೇಕು, ಬಣ್ಣಕ್ಕೆ ನೀರು ಸೇರಿಸಿ ಶಾಯಿಯ ಹದಕ್ಕೆ ತರಬೇಕು. ಗಟ್ಟಿ ಬಣ್ಣದಲ್ಲಿ ತೆಳು ಗೆರೆ ಬರುವುದಿಲ್ಲ. ಪೂರ್ತಿ ಒಣಗಿದ ಮೇಲೆ ಚುಕ್ಕಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತವೆ.

ಕಸೂತಿ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರ ಹಳೆ ಸೀರೆಯ ಸೆರಗನ್ನೇ ಮಾದರಿಯಾಗಿ ಗೋಡೆಗೆ ತೂಗುಹಾಕಿ. ಬಣ್ಣದಿಂದ ದೂರ ಇರಲಿ, ಅಷ್ಟು ಎಚ್ಚರ ಸಾಕು.

ಯಾವ ಬಣ್ಣ ಒಳ್ಳೆಯದು?

ಅಕ್ರಿಲಿಕ್. ನೀರಿನಲ್ಲಿ ಕಲೆಸಬಹುದು, ವಾಸನೆ ಕಡಿಮೆ, ತೆಳುವಾಗಿ ಹಚ್ಚಿದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಒಣಗುತ್ತದೆ, ತಪ್ಪಾದರೆ ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಬಣ್ಣ ಹಾಕಬಹುದು. ಆಯಿಲ್ ಪೇಂಟ್ ಒಣಗಲು ದಿನಗಟ್ಟಲೆ ಬೇಕು, ಒಂದು ಮಧ್ಯಾಹ್ನದ ಪಾರ್ಟಿಗೆ ಆಗದು. ವಾಟರ್ ಕಲರ್ ನೋಡಲು ಸುಲಭ, ಆದರೆ ಅದರಲ್ಲಿ ತಪ್ಪು ಮುಚ್ಚಲು ಆಗುವುದಿಲ್ಲ. ಹೊಸಬರಿಗೆ ಅದನ್ನು ಕೊಡಬೇಡಿ.

ಐದು ಬಣ್ಣ ಸಾಕು: ಬಿಳಿ, ಅಲ್ಟ್ರಾಮರೀನ್ ನೀಲಿ, ಹಳದಿ, ಕ್ರಿಮ್ಸನ್ ಕೆಂಪು, ಬರ್ನ್ಟ್ ಸಿಯೆನಾ. ಕಸೂತಿ ಚಿತ್ರ ಇದ್ದರೆ ಮಾತ್ರ ಕಪ್ಪು ಬೇಕು. ಹಸಿರು ಟ್ಯೂಬ್ ಕೊಳ್ಳಬೇಡಿ. ಟ್ಯೂಬಿನ ಹಸಿರನ್ನು ಹಾಗೇ ಹಚ್ಚಿದರೆ ಮರಗಳು ಪ್ಲಾಸ್ಟಿಕ್ ಗಿಡದ ಹಾಗೆ ಕಾಣುತ್ತವೆ. ನೀಲಿ, ಹಳದಿ ಸೇರಿಸಿ ಅದಕ್ಕೊಂದು ಚೂರು ಕಂದು ಹಾಕಿ, ನಮ್ಮ ಕಡೆಯ ಬೇವಿನ ಹಸಿರು ಬರುತ್ತದೆ. ಅಕ್ರಿಲಿಕ್ ಒಣಗಿದಾಗ ಒಂದು ಮಟ್ಟ ಗಾಢ ಆಗುತ್ತದೆ. ಅದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಚಹಾ ಕುಡಿದು ಬಂದವರು "ನನ್ನ ಬಣ್ಣ ಯಾರ ಬದಲಿ ಮಾಡಿದ್ರು" ಅಂತ ಕೇಳುತ್ತಾರೆ.

ಒಬ್ಬರಿಗೆ ಎಷ್ಟು ಸಾಮಾನು ಬೇಕು?

10×12 ಇಂಚಿನ ಒಂದು ಕ್ಯಾನ್ವಾಸ್ ಬೋರ್ಡ್. ದೊಡ್ಡದು ಕೊಟ್ಟರೆ ಮೂರು ಗಂಟೆಯಲ್ಲಿ ಮುಗಿಯುವುದಿಲ್ಲ. ಮೂರು ಬ್ರಷ್: ಒಂದಿಂಚಿನ ಚಪ್ಪಟೆ, 6 ಅಥವಾ 8 ನಂಬರಿನ ಚಪ್ಪಟೆ, 2 ನಂಬರಿನ ದುಂಡು. ಸಿಂಥೆಟಿಕ್ ಕೂದಲಿನ ಬ್ರಷ್ ತಗೊಳ್ಳಿ. ಒಬ್ಬರಿಗೆ ಎಲ್ಲ ಬಣ್ಣ ಸೇರಿ 30ರಿಂದ 40 ಮಿಲಿ ಹಿಡಿಯುತ್ತದೆ. ಎಲ್ಲಕ್ಕಿಂತ ಮೊದಲು ಬಿಳಿ ಖಾಲಿ ಆಗುತ್ತದೆ, ಅದನ್ನು ಬೇರೆ ಬಣ್ಣದ ಎರಡರಷ್ಟು ತನ್ನಿ.

ಬಣ್ಣ ಇಟ್ಟುಕೊಳ್ಳಲು ಪ್ಲಾಸ್ಟಿಕ್ ಪ್ಯಾಲೆಟ್ ಬೇಡ. ಮನೆ ಕಟ್ಟಿಸುವಾಗ ಉಳಿದ ಬಿಳಿ ಟೈಲ್ಸ್ ಎಲ್ಲರ ಹಿತ್ತಲಲ್ಲೂ ಇರುತ್ತವೆ. ಅದಕ್ಕಿಂತ ಒಳ್ಳೆಯ ಪ್ಯಾಲೆಟ್ ದುಡ್ಡು ಕೊಟ್ಟರೂ ಸಿಗದು. ಒಣಗಿದ ಬಣ್ಣ ಬಿಸಿನೀರು ಬಿದ್ದರೆ ಸಿಪ್ಪೆಯಾಗಿ ಏಳುತ್ತದೆ. ಮುತ್ತಲ ಎಲೆಯ ತಾಟು ಮಾತ್ರ ಕೊಡಬೇಡಿ, ಸಂದಿಯಲ್ಲಿ ಬಣ್ಣ ಸೋರುತ್ತದೆ. ಬಣ್ಣವನ್ನು ಒಂದೇ ಸಲ ಸುರಿಯದೆ ಅಡಿಕೆ ಗಾತ್ರದಷ್ಟು ಬಡಿಸಿ, ಬೇಕಾದಾಗ ಮತ್ತೆ ಹಾಕಿ.

ಖರ್ಚು ಎಷ್ಟು? ಸಾಮಾನು ಎಲ್ಲಿ ಸಿಗುತ್ತದೆ?

ವಿದ್ಯಾರ್ಥಿಗಳು ಬಳಸುವ ಮಟ್ಟದ ಸಾಮಾನು ತಗೊಂಡರೆ ತಿಂಡಿ ಬಿಟ್ಟು ತಲೆಗೆ ಅಂದಾಜು ₹300 ಇಟ್ಟುಕೊಳ್ಳಿ. ಬ್ರಷ್ ಮುಂದಿನ ಸಲಕ್ಕೂ ಬರುವುದರಿಂದ ಎರಡನೇ ಕೂಟಕ್ಕೆ ಖರ್ಚು ಇಳಿಯುತ್ತದೆ. ಧಾರವಾಡದ ಸುಭಾಸ ರಸ್ತೆ, ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಕಡೆ ಸ್ಟೇಷನರಿ ಅಂಗಡಿಗಳಲ್ಲಿ ವಿಚಾರಿಸಿ. ಹನ್ನೆರಡು ಬೋರ್ಡ್ ಒಂದೇ ಅಳತೆಯಲ್ಲಿ ಬೇಕು ಅಂದರೆ ವಾರ ಮೊದಲೇ ಹೇಳಿಡುವುದು ಒಳ್ಳೆಯದು. ಒಟ್ಟಿಗೆ ಕೊಳ್ಳುತ್ತೀರಿ ಅಂದರೆ ರೇಟು ಮಾತಾಡಿ.

ಈಸೆಲ್ (ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡ್) ಬೇಕೇ ಬೇಕಾ?

ಬೇಡ. ಮಾದರಿ ಚಿತ್ರಕ್ಕೆ ಒಂದಿದ್ದರೆ ಸಾಕು, ಅದೂ ಇಲ್ಲದಿದ್ದರೆ ಕುರ್ಚಿಯ ಮೇಲೆ ನಿಲ್ಲಿಸಿ. ಬಂದವರು ಟೇಬಲ್ ಮೇಲೆ ಮಲಗಿಸಿ ಬರೆಯಬಹುದು. ಮಕ್ಕಳ ಪರೀಕ್ಷೆ ಪ್ಯಾಡಿಗೆ ಕ್ಯಾನ್ವಾಸ್ ಕ್ಲಿಪ್ ಮಾಡಿ ಹಿಂದೆ ಒಂದು ಇಟ್ಟಿಗೆ ಕೊಟ್ಟರೆ ಒಳ್ಳೆಯ ಓರೆ ಸಿಗುತ್ತದೆ. ಮೊಣಕಾಲು ನೋವಿನವರಿಗೆ ಮಾತ್ರ ಕುರ್ಚಿ, ಟೇಬಲ್ ಕಡ್ಡಾಯ. ಶಾಮಿಯಾನದವರ ಹತ್ತಿರ ಬಾಡಿಗೆಗೆ ಸಿಗುತ್ತವೆ.

ನೆಲ, ಗೋಡೆ ಕೆಡದ ಹಾಗೆ ಏನು ಮಾಡಬೇಕು?

ಮೊದಲು ನವಲಗುಂದದ ಜಮಖಾನೆ ಇದ್ದರೆ ಸುತ್ತಿ ಒಳಗಿಡಿ. ನೆಲಕ್ಕೆ ಹಳೆ ಫ್ಲೆಕ್ಸ್ ಹಾಸಿ, ಅಚ್ಚಾದ ಕಡೆ ಕೆಳಗೆ ಬರಲಿ. ನ್ಯೂಸ್‌ಪೇಪರ್ ಜಾರುತ್ತದೆ, ಒದ್ದೆಯಾದರೆ ಕಾಲಿಗೆ ಅಂಟುತ್ತದೆ. ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವ ಹಾಗೆ ಕೂರಿಸಿದರೆ ಬಲಗೈಯವರಿಗೆ ತಮ್ಮ ಕೈಯ ನೆರಳು ಅಡ್ಡ ಬರುವುದಿಲ್ಲ.

ನೀರಿನ ವ್ಯವಸ್ಥೆ?

ಹುಬ್ಬಳ್ಳಿ-ಧಾರವಾಡ ಅವಳಿ ನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಳ ಬರುವ ದಿನ ನೋಡಿಕೊಂಡು ಅದರ ಮರುದಿನ ಪಾರ್ಟಿ ಇಡಿ. ಕುಡಿಯುವ ನೀರು ಬಿಟ್ಟು, ಹತ್ತು ಜನಕ್ಕೆ ಎರಡು ಬಕೆಟ್ ಸಾಕು. ಒಬ್ಬರಿಗೆ ಎರಡು ಡಬ್ಬಿ ಕೊಡಿ, ಒಂದರಲ್ಲಿ ಕೊಳೆ ತೊಳೆಯಲು, ಇನ್ನೊಂದು ಚೊಕ್ಕ ನೀರು. ಆಗ ಪದೇ ಪದೇ ನೀರು ಬದಲಿಸಬೇಕಾಗಿಲ್ಲ. ಬ್ರಷ್ ತೊಳೆಯುವ ನೀರನ್ನು ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯಲ್ಲೂ ಚಹಾವನ್ನು ಸ್ಟೀಲ್ ಲೋಟದಲ್ಲೂ ಕೊಡಿ. ಎರಡೂ ಒಂದೇ ಥರದ ಲೋಟದಲ್ಲಿದ್ದರೆ ಮಾತಿನ ಭರದಲ್ಲಿ ಬ್ರಷ್ ಚಹಾಕ್ಕೆ ಹೋಗುತ್ತದೆ.

ಯಾವ ತಿಂಗಳು, ಯಾವ ಹೊತ್ತು?

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಣ್ಣ ಟೈಲ್ಸ್ ಮೇಲೆಯೇ ಕೆನೆಗಟ್ಟುತ್ತದೆ. ಸಣ್ಣ ಸ್ಪ್ರೇ ಬಾಟಲಿಯಿಂದ ಆಗಾಗ ನೀರು ಚಿಮುಕಿಸಿ. ಧಾರವಾಡದ ಜುಲೈ ಮಳೆ ಹಿಡಿದರೆ ತದ್ವಿರುದ್ಧ, ಹಿನ್ನೆಲೆ ಒಣಗುವುದೇ ಇಲ್ಲ. ಆಗ ಹೇರ್ ಡ್ರೈಯರ್ ಕೈಗೆ ಸಿಗುವ ಹಾಗಿಟ್ಟುಕೊಳ್ಳಿ, ಬಣ್ಣ ತೆಳುವಾಗಿ ಹಚ್ಚಿಸಿ. ಕರೆಂಟ್ ಹೋದರೆ ಅದೂ ನಡೆಯುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ಚಹಾದ ವಿರಾಮವನ್ನು ಉದ್ದ ಮಾಡಿ.

ಹೊತ್ತು ಅಂದರೆ ಬೆಳಿಗ್ಗೆ ಹತ್ತೂವರೆ ಅಥವಾ ಮಧ್ಯಾಹ್ನ ಮೂರು. ಟ್ಯೂಬ್‌ಲೈಟಿನಲ್ಲಿ ಕಲೆಸಿದ ಬಣ್ಣ ಬಿಸಿಲಿನಲ್ಲಿ ಬೇರೆಯೇ ಕಾಣುತ್ತದೆ. ಹುಬ್ಬಳ್ಳಿಯವರು ಹೋಳಿಯಿಂದ ರಂಗಪಂಚಮಿವರೆಗಿನ ದಿನಗಳನ್ನು ಬಿಟ್ಟುಬಿಡಿ, ಆ ವಾರ ಊರಿನ ಮನಸ್ಸು ಬೇರೆ ಬಣ್ಣದಲ್ಲಿರುತ್ತದೆ.

ತಿನ್ನಲು ಏನು ಮಾಡಲಿ?

ಹಚ್ಚಿದ ಅವಲಕ್ಕಿ. ಬೆಳಿಗ್ಗೆಯೇ ಮಾಡಿಡಬಹುದು, ಚಮಚದಲ್ಲಿ ತಿನ್ನಬಹುದು, ಮೆತ್ತಗಾಗುವುದಿಲ್ಲ. ಚುರುಮುರಿಯ ಗಿರಮಿಟ್ಟ ಮಾಡುವುದಾದರೆ ವಿರಾಮದ ಹೊತ್ತಿಗೆ ಕಲೆಸಿ. ಮಿರ್ಚಿ ಭಜಿ ಬೇಕೇ ಬೇಕು ಅನ್ನುವವರು ಇರುತ್ತಾರೆ, ಅದನ್ನು ಎಲ್ಲ ಮುಗಿದ ಮೇಲೆ ಕೊಡಿ. ಎಣ್ಣೆ ಕೈ ಕ್ಯಾನ್ವಾಸಿಗೆ ತಾಗಿದ ಜಾಗದಲ್ಲಿ ನೀರಿನಲ್ಲಿ ಕಲೆಸಿದ ಬಣ್ಣ ಹಿಡಿಯುವುದಿಲ್ಲ. ಪೇಢೆ ಯಾವಾಗ ಬೇಕಾದರೂ ಆದೀತು. ಬರೆಯುವ ಟೇಬಲ್ ಮೇಲೆ ಮಾತ್ರ ತಿಂಡಿ ಇಡಬೇಡಿ, ಬಣ್ಣದ ಕೈ ಬಾಯಿಗೆ ಹೋಗುವುದು ಒಳ್ಳೆಯದಲ್ಲ.

"ಸ್ವಲ್ಪ ನೀವೇ ಸರಿ ಮಾಡಿಕೊಡ್ರಿ" ಅಂದರೆ?

ಮಾಡಿಕೊಡಬೇಡಿ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಬೇರೆಯವರ ಕ್ಯಾನ್ವಾಸಿಗೆ ನಿಮ್ಮ ಬ್ರಷ್ ತಾಗಬಾರದು. ಎರಡು ಎಳೆತದಲ್ಲಿ ನೀವು ಆ ಮರವನ್ನು ಚೆಂದ ಮಾಡಬಲ್ಲಿರಿ, ನಿಜ. ಆದರೆ ಆ ಕ್ಷಣದಿಂದ ಅದು ಅವರ ಚಿತ್ರವಾಗಿ ಉಳಿಯುವುದಿಲ್ಲ. ಮನೆಗೆ ಹೋಗಿ ಗೋಡೆಗೆ ಹಾಕಿದಾಗ ಯಾರಾದರೂ ಹೊಗಳಿದರೆ "ಅದ ಅವರು ಮಾಡಿಕೊಟ್ಟಿದ್ದು" ಅನ್ನುತ್ತಾರೆ. ಇಡೀ ಮಧ್ಯಾಹ್ನದ ಕೆಲಸ ಆ ಒಂದು ಮಾತಿನಲ್ಲಿ ಹೋಯಿತು.

ಹಾಗಂತ ಸುಮ್ಮನೆ ಬಿಡಲೂ ಬಾರದು. ನಿಮ್ಮ ಹತ್ತಿರ ಒಂದು ರದ್ದಿ ಹಾಳೆ ಇರಲಿ. ಪಕ್ಕ ಕೂತು ಆ ಹಾಳೆಯ ಮೇಲೆ ಮಾಡಿ ತೋರಿಸಿ, ಬ್ರಷ್ ಅವರ ಕೈಯಲ್ಲೇ ಇರಲಿ. "ಏನು ತಪ್ಪಾಗಿದೆ" ಅಂತ ಹೇಳುವ ಬದಲು "ಎಲ್ಲಿ ಕಿರಿಕಿರಿ ಅನ್ನಿಸ್ತದ ತೋರಿಸ್ರಿ" ಅಂತ ಕೇಳಿ. ಅವರೇ ಬೆರಳಿಟ್ಟು ತೋರಿಸುತ್ತಾರೆ, ಮತ್ತು ಹೆಚ್ಚಾಗಿ ಅವರು ಬೆರಳಿಟ್ಟ ಜಾಗದಲ್ಲೇ ತಪ್ಪು ಇರುತ್ತದೆ. ಬಣ್ಣ ಹಸಿ ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಲಿ. ಒಣಗಿದ್ದರೆ ಮೇಲೆ ಬಿಳಿ ಹಾಕಿ ಮತ್ತೆ ಬರೆಯಲಿ. ಒಮ್ಮೊಮ್ಮೆ ಎದ್ದು ಆರು ಹೆಜ್ಜೆ ಹಿಂದೆ ಹೋಗಿ ನೋಡಲು ಹೇಳಿ. ಮೂಗಿನ ಹತ್ತಿರ ಕೆಟ್ಟದಾಗಿ ಕಂಡದ್ದು ದೂರದಿಂದ ಕೆರೆಯಾಗಿಯೇ ಕಾಣುತ್ತದೆ.

ಎಲ್ಲರ ಚಿತ್ರ ಸಾಲಾಗಿಟ್ಟು ಬಹುಮಾನ ಕೊಡುವುದನ್ನೂ ಬಿಡಿ. ಶಾಲೆಯಲ್ಲಿ ಬ್ರಷ್ ಕೆಳಗಿಟ್ಟವರು ಕೆಳಗಿಟ್ಟಿದ್ದೇ ಅದಕ್ಕೆ.

ಒಟ್ಟು ಎಷ್ಟು ಹೊತ್ತು ಬೇಕು?

ಮೂರು ಗಂಟೆ. ಬಂದವರು ಕೂತು, ಬ್ರಷ್ ಪರಿಚಯ ಆಗಲು ಇಪ್ಪತ್ತು ನಿಮಿಷ. ಹಿನ್ನೆಲೆಗೆ ಮುಕ್ಕಾಲು ಗಂಟೆ, ವಿರಾಮ ಅರ್ಧ ಗಂಟೆ, ಉಳಿದದ್ದು ಮುಂದಿನ ಕೆಲಸಕ್ಕೆ. ತಡವಾಗಿ ಬರುವವರು ಇದ್ದೇ ಇರುತ್ತಾರೆ, ಕರೆಯುವಾಗ ಅರ್ಧ ಗಂಟೆ ಮೊದಲಿನ ಸಮಯ ಹೇಳಿ.

ಮಕ್ಕಳನ್ನು ಸೇರಿಸಬಹುದಾ?

ದೊಡ್ಡವರ ಕೂಟಕ್ಕೆ ಹತ್ತು ವರ್ಷ ದಾಟಿದವರು ಆದೀತು. ಚಿಕ್ಕವರಿಗೆ ಬೇರೆಯೇ ಕೂಟ ಮಾಡಿ: ಪೋಸ್ಟರ್ ಕಲರ್, ದಪ್ಪ ಹಾಳೆ, ದಪ್ಪ ಬ್ರಷ್, ಒಂದು ಗಂಟೆ. ಅವರಿಗೆ ಮಾದರಿ ಚಿತ್ರ ಕೊಡಬೇಡಿ. ಬೆಂಡೆಕಾಯಿ ಅಡ್ಡ ಕೊಯ್ದು ಅಚ್ಚು ಒತ್ತಲು ಕೊಟ್ಟು ನೋಡಿ, ಹೂವೇ ಹೂವು ಆಗುತ್ತದೆ.

ಬಟ್ಟೆಗೆ ಬಣ್ಣ ಹತ್ತಿದರೆ?

ಹಸಿ ಇರುವಾಗಲೇ ತಣ್ಣೀರು, ಸೋಪು ಹಾಕಿ ಉಜ್ಜಿದರೆ ಹೋಗುತ್ತದೆ. ಒಣಗಿದರೆ ಅಕ್ರಿಲಿಕ್ ಪ್ಲಾಸ್ಟಿಕ್ ಪದರ ಆಗುತ್ತದೆ, ನೀರಿಗೆ ಬಗ್ಗುವುದಿಲ್ಲ. ಸ್ಪಿರಿಟ್ ಇರುವ ಸ್ಯಾನಿಟೈಸರ್ ಹಚ್ಚಿ ಮೆತ್ತಗೆ ಮಾಡಿ ಕೆರೆಯಬಹುದು, ಪೂರ್ತಿ ಹೋಗುತ್ತದೆ ಅನ್ನುವ ಭರವಸೆ ಬೇಡ. ಹಳೆ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಕರೆಯುವಾಗಲೇ ಹೇಳಿ. ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಲಿ.

ಕೆರೆ ದಂಡೆ, ಪಾರ್ಕಿನಲ್ಲಿ ಮಾಡಿದರೆ ಹೇಗೆ?

ಎರಡನೇ ಮೂರನೇ ಸಲಕ್ಕೆ ಮಾಡಿ, ಮೊದಲ ಸಲ ಬೇಡ. ಗಾಳಿ ಕ್ಯಾನ್ವಾಸ್ ಹಾರಿಸುತ್ತದೆ, ಬೆಳಕು ಅರ್ಧ ಗಂಟೆಗೊಮ್ಮೆ ಬದಲಾಗುತ್ತದೆ, ನೋಡುವವರು ಸುತ್ತ ನಿಲ್ಲುತ್ತಾರೆ. ಪಾಲಿಕೆಯ ಉದ್ಯಾನವಾದರೆ ಮೊದಲೇ ಕೇಳಿ ಅನುಮತಿ ತಗೊಳ್ಳಿ. ಇದಕ್ಕಿಂತ ನನಗೆ ಇಷ್ಟವಾದ ಕ್ರಮ ಬೇರೆ ಇದೆ. ಒಂದು ಭಾನುವಾರ ಎಲ್ಲರೂ ಸೇರಿ ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೋ, ಶಿಗ್ಗಾಂವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೋ ಹೋಗಿ ಪೆನ್ಸಿಲ್ ಸ್ಕೆಚ್ ಮಾಡಿ, ಫೋಟೋ ತೆಗೆದುಕೊಂಡು ಬನ್ನಿ. ರಾಕ್ ಗಾರ್ಡನ್ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ್ದು, ಹಳ್ಳಿಯ ಬದುಕನ್ನು ಶಿಲ್ಪದಲ್ಲಿ ನೋಡಬಹುದು. ಮುಂದಿನ ವಾರ ಮನೆಯಲ್ಲಿ ಕೂತು ಬಣ್ಣ ಹಾಕಿ.

ಬಣ್ಣದ ನೀರು ಎಲ್ಲಿ ಚೆಲ್ಲಬೇಕು?

ಗಿಡದ ಬುಡಕ್ಕೆ, ತುಳಸಿ ಕಟ್ಟೆಗೆ, ಗಟಾರಕ್ಕೆ ಬೇಡ. ಬ್ರಷ್ ತೊಳೆಯುವ ಮೊದಲು ಚಿಂದಿ ಬಟ್ಟೆಗೆ ಒರೆಸಿದರೆ ಅರ್ಧ ಬಣ್ಣ ಅಲ್ಲೇ ನಿಲ್ಲುತ್ತದೆ. ಉಳಿದ ನೀರನ್ನು ಒಂದು ಬಕೆಟ್‌ನಲ್ಲಿ ರಾತ್ರಿಯಿಡೀ ಬಿಡಿ. ತಳಕ್ಕೆ ಇಳಿದ ರಾಡಿಯನ್ನು ಪೇಪರಿಗೆ ಸುರಿದು ಒಣಗಿಸಿ ಒಣಕಸಕ್ಕೆ ಹಾಕಿ, ಮೇಲಿನ ನೀರನ್ನು ಬಚ್ಚಲಿಗೆ ಬಿಡಿ. ಬ್ರಷ್‌ಗಳನ್ನು ನೀರಿನಲ್ಲಿ ತಲೆಕೆಳಗೆ ನಿಲ್ಲಿಸಿ ಮರೆಯಬೇಡಿ, ಕೂದಲು ಸೊಟ್ಟಗಾಗುತ್ತದೆ. ಸೋಪು ಹಚ್ಚಿ ತೊಳೆದು ಮಲಗಿಸಿ ಒಣಗಿಸಿ.

ದುಡ್ಡು ತಗೊಂಡು ನಡೆಸಬಹುದಾ?

ಧಾರಾಳವಾಗಿ. ದುಡ್ಡು ಮೊದಲೇ ಯುಪಿಐನಲ್ಲಿ ತಗೊಳ್ಳಿ. ಬರ್ತೀನಿ ಅಂದು ಬಾರದವರ ಕ್ಯಾನ್ವಾಸ್ ಖರ್ಚು ನಿಮ್ಮ ತಲೆ ಮೇಲೆ ಬೀಳಬಾರದು ಅಲ್ವಾ. ಒಂದು ಎಚ್ಚರ: ಬೇರೆ ಕಲಾವಿದರ ಚಿತ್ರವನ್ನು ಅವರನ್ನು ಕೇಳದೆ ಮಾದರಿಯಾಗಿ ಇಟ್ಟು ದುಡ್ಡು ಮಾಡುವುದು ತಪ್ಪು. ನೀವೇ ತೆಗೆದ ಫೋಟೋ ನೋಡಿ ನೀವೇ ಮಾದರಿ ಬರೆಯಿರಿ.

ಸಂಜೆ ಚಿತ್ರಗಳನ್ನು ಮನೆಗೆ ಒಯ್ಯುವುದು ಹೇಗೆ?

ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಆದರೆ ದಪ್ಪ ಬಣ್ಣ ಒಳಗೆ ಇನ್ನೂ ಹಸಿ. ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಹಚ್ಚಿ ಇಟ್ಟರೆ ಅಂಟಿಕೊಂಡು ಕಿತ್ತುಬರುತ್ತವೆ. ನಡುವೆ ನ್ಯೂಸ್‌ಪೇಪರ್ ಹಾಕುವುದೂ ಬೇಡ, ಅದೂ ಅಂಟುತ್ತದೆ. ಮಿಠಾಯಿ ಅಂಗಡಿಯ ಖಾಲಿ ರಟ್ಟಿನ ಡಬ್ಬಿ ಅಳತೆಗೆ ಸಿಕ್ಕರೆ ಅದರಲ್ಲಿ ಮುಖ ಮೇಲೆ ಮಾಡಿ ಇಡಿ. ಸ್ಕೂಟರಿನವರು ಕಾಲಿನ ಹತ್ತಿರ ನಿಲ್ಲಿಸಿಕೊಳ್ಳಲಿ, ಬಣ್ಣದ ಕಡೆ ಕಾಲಿಗೆ ತಾಗದ ಹಾಗೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವವರು ತೊಡೆಯ ಮೇಲೆ ಇಟ್ಟುಕೊಂಡರೆ ಸಾಕು.

ಎರಡು ಮೂರು ದಿನ ಗಾಳಿಯಾಡುವ ಕಡೆ ಒಣಗಲಿ. ಆಮೇಲೆ ಬೇಕಾದವರು ಅಕ್ರಿಲಿಕ್ ವಾರ್ನಿಷನ್ನು ಅಗಲ ಮೆತ್ತನೆ ಬ್ರಷ್‌ನಿಂದ ತೆಳುವಾಗಿ ಒಂದು ಕೈ ಹಚ್ಚಬಹುದು. ಬಣ್ಣ ಮೊದಲ ದಿನದ ಹೊಳಪಿಗೆ ಬರುತ್ತದೆ, ಧೂಳನ್ನೂ ಒರೆಸಬಹುದು. ನೇರ ಬಿಸಿಲು ಬೀಳುವ ಗೋಡೆ ಬಿಟ್ಟು ಬೇರೆ ಎಲ್ಲಿ ಬೇಕಾದರೂ ತೂಗುಹಾಕಿ.